ಎತ್ತಿದ ಕೈ

ಬಿಸಿಲು ಇನ್ನೂ ಕಿಟಕಿಗೆ ಬಂದಿಲ್ಲ. ಬರುವಷ್ಟರಲ್ಲಿ ಬಾಗಿಲಿನ ಬಣ್ಣ ಮುಗಿದಿರಬೇಕು ಎಂಬುದು ಬಣ್ಣದಕ್ಕನ ಲೆಕ್ಕಾಚಾರ. ಮೂರನೇ ಮಹಡಿಯ ಈ ಮನೆಯ ನಡುಕೋಣೆಯಲ್ಲಿ ಸೋಫಾ, ಮೇಜು, ಟೀವಿಗಳೆಲ್ಲ ಹಳೆಯ ಹಾಸುಬಟ್ಟೆ ಹೊದ್ದು ಗೋಡೆಯ ಕಡೆಗೆ ಸರಿದಿವೆ. ಮಲಗುವ ಕೋಣೆಯ ಬಾಗಿಲು ಮಾತ್ರ ಹಿಡಿಕೆ ಕಳಚಿಸಿಕೊಂಡು, ಅಡಿಯಲ್ಲಿ ಮರದ ಬೆಣೆ ಸಿಕ್ಕಿಸಿಕೊಂಡು, ಅರ್ಧ ತೆರೆದು ನಿಂತಿದೆ. ಅಕ್ಕ ಫ್ಯಾನ್ ಆರಿಸುತ್ತಾರೆ. ಕಿಟಕಿ ಮುಚ್ಚುತ್ತಾರೆ. ಒದ್ದೆ ಬಟ್ಟೆಯಲ್ಲಿ ಬಾಗಿಲಿನ ಮೈಯನ್ನು ಮೇಲಿಂದ ಕೆಳಗೆ ಒರೆಸಿ, ಮೂಲೆಗಳಿಗೆ ಬೆರಳು ತೂರಿಸಿ ಅಡಗಿ ಕೂತ ಧೂಳನ್ನು ತೆಗೆಯುತ್ತಾರೆ. ಬ್ರಷ್ಷನ್ನು ನೀರಿನಲ್ಲಿ ಅದ್ದಿ, ಕೊಡವಿ, ಅಂಗೈಗೆ ಒತ್ತಿ ನೋಡುತ್ತಾರೆ. ಆಮೇಲೆ ಡಬ್ಬಿಯ ಮುಚ್ಚಳ ತೆರೆಯುತ್ತಾರೆ.

ಬಣ್ಣದ ಮನೆ ಎಂದರೆ ಮೂಗು ಮುಚ್ಚಿಕೊಳ್ಳಬೇಕು ಎಂದು ಕರವಸ್ತ್ರ ಸಮೇತ ಹೋದವನು ನಾನು. ಇಲ್ಲಿ ಮೂಗಿಗೆ ಬಡಿಯುವಂಥದ್ದು ಏನೂ ಇಲ್ಲ. ನೀರಿನಲ್ಲಿ ಕದಡಿದ ಸ್ಯಾಟಿನ್ ಬಣ್ಣ ಇದು. ಅರೆಹೊಳಪಿನದು, ಮನೆಯೊಳಗಿನ ಮರಗೆಲಸಕ್ಕೆಂದೇ ಮಾಡಿದ್ದು. ಪಕ್ಕದ ಕೋಣೆಯಲ್ಲಿ ಹುಟ್ಟಿ ತಿಂಗಳು ತುಂಬದ ಕೂಸೊಂದು ನಿದ್ದೆ ಮಾಡುತ್ತಿದೆ. ಅದಕ್ಕಾಗಿಯೇ ಮನೆಯೊಡತಿ ಈ ಬಣ್ಣವನ್ನೂ ಇದನ್ನು ಬಳಿಯುವವರನ್ನೂ ಹುಡುಕಿ ಕರೆಸಿದ್ದಾರೆ.

ಈಗ ಮಾತಾಡಿಸಬಹುದೇ ಎಂದು ಕೇಳುತ್ತೇನೆ. ಅಕ್ಕ ತಿರುಗಿ ನೋಡುವುದಿಲ್ಲ.

"ಈ ಹಲಗೆ ಮುಗೀಲಿ ತಮ್ಮಾ. ಮಧ್ಯದಲ್ಲಿ ಬಿಟ್ಟು ಹೋದ್ರೆ ಮುನಿಸ್ಕೊಳ್ಳುತ್ತೆ."

ಸರಿ ಎಂದು ಸುಮ್ಮನೆ ನೋಡುತ್ತೇನೆ. ಮೊದಲು ಒಳಗಿನ ಹಲಗೆಗಳು, ಆಮೇಲೆ ಅಡ್ಡಪಟ್ಟಿಗಳು, ಕೊನೆಗೆ ಅಂಚಿನ ಉದ್ದಪಟ್ಟಿಗಳು. ಬ್ರಷ್ಷಿನ ತುದಿ ಮಾತ್ರ ಬಣ್ಣಕ್ಕೆ ಇಳಿಯುತ್ತದೆ. ಮರದ ಮೇಲೆ ಬಣ್ಣ ಹರಡಿ, ಒಂದೇ ದಿಕ್ಕಿಗೆ ಹಗುರವಾಗಿ ಎಳೆದು, ಪಟ್ಟಿಯ ಕೊನೆ ಬಂದಾಗ ಅಕ್ಕ ಕೈ ಎತ್ತಿಬಿಡುತ್ತಾರೆ. ಎಳೆದ ಜಾಗಕ್ಕೆ ಮತ್ತೆ ಹೋಗುವುದಿಲ್ಲ. ಅಲ್ಲೇನೋ ಒಂದು ಗೆರೆ ಉಳಿಯಿತಲ್ಲ ಎಂದು ನನ್ನ ಕಣ್ಣಿಗೆ ಅನ್ನಿಸುತ್ತದೆ. ನೋಡುತ್ತಿದ್ದಂತೆಯೇ ಆ ಗೆರೆ ತನ್ನಷ್ಟಕ್ಕೆ ತಾನೇ ಕರಗಿ ಹೋಗುತ್ತದೆ.

ಅಕ್ಕನ ಎಡಗಡೆ ಮೊಣಕಾಲೂರಿ ಕೂತವರೊಬ್ಬರಿದ್ದಾರೆ. ಟಾರ್ಚ್ ಹಿಡಿದಿದ್ದಾರೆ. ಬೆಳಕನ್ನು ಬಾಗಿಲಿಗೆ ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಡುತ್ತಿದ್ದಾರೆ. ನೇರ ಬೆಳಕಿನಲ್ಲಿ ಎಲ್ಲ ಬಾಗಿಲೂ ಚೆಂದವೇ. ಓರೆ ಬೆಳಕಿನಲ್ಲಿ ಮಾತ್ರ ಸೋರಿದ ಹನಿ, ತಪ್ಪಿಹೋದ ಜಾಗ, ಎದ್ದು ನಿಂತ ಗೆರೆ ಎಲ್ಲವೂ ಬಯಲಾಗುತ್ತವೆ. ಟಾರ್ಚ್ ಹಿಡಿದವರು ಅಕ್ಕನ ಗಂಡ. ಒಂದು ಕಾಲಕ್ಕೆ ಈ ಊರಿನ ಬಣ್ಣದವರೆಲ್ಲ ಅವರನ್ನು ಕನ್ನಡಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಅವರು ಎಣ್ಣೆ ಬಣ್ಣ ಬಳಿದ ಬಾಗಿಲಿನ ಮುಂದೆ ನಿಂತು ತಲೆ ಬಾಚಿಕೊಳ್ಳಬಹುದಿತ್ತಂತೆ.

ಕೂಸನ್ನು ಹೆಗಲಿಗೆ ಹಾಕಿಕೊಂಡು ಮನೆಯೊಡತಿ ಬರುತ್ತಾರೆ. "ಮೇಸ್ತ್ರಿ, ಬಾಗಿಲು ಯಾವಾಗ ಮುಚ್ಚಬಹುದು?" ಎಂದು ಕೇಳುವುದು ಗಂಡಸನ್ನೇ. ಮೇಸ್ತ್ರಿ ಗಲ್ಲದಿಂದ ಹೆಂಡತಿಯ ಕಡೆ ತೋರಿಸುತ್ತಾರೆ. ಸಂಜೆವರೆಗೂ ಮುಚ್ಚಬಾರದು, ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ಆದರೂ ಚೌಕಟ್ಟಿಗೆ ತಾಗಿದರೆ ಅಂಟಿಕೊಂಡು ಎದ್ದು ಬರುತ್ತದೆ ಎಂದು ಅಕ್ಕ ವಿವರಿಸುತ್ತಾರೆ. ಚೌಕಟ್ಟಿಗೂ ಆಗಷ್ಟೇ ಬಣ್ಣ ಬಿದ್ದಿದೆ, ನಾನು ಅದಕ್ಕೇ ಒರಗಿ ನಿಂತಿದ್ದೇನೆ ಎಂಬುದು ಅದರ ಮಾತು ಬಂದಾಗಲೇ ನನಗೆ ಅರಿವಾಗುತ್ತದೆ. ತೋಳಿನ ಮೇಲೆ ಉದ್ದಕ್ಕೆ ಹಾಲುಬಿಳಿ ಪಟ್ಟೆ.

"ಈಗಲೇ ನೀರು ಹಾಕಿ ತೊಳ್ಕೊಳ್ಳಿ, ಹೋಗುತ್ತೆ. ತಡ ಮಾಡಿದ್ರೆ ನಿಮ್ಮ ಅಂಗಿಗೂ ಎರಡನೇ ಕೋಟು ಕೊಡ್ಬೇಕಾಗುತ್ತೆ" ಎನ್ನುತ್ತಾರೆ ಅಕ್ಕ.

ಐವತ್ತು ದಾಟಿದ ಹೆಂಗಸು. ತಲೆಗೆ ಬಿಗಿದು ಕಟ್ಟಿದ ಬಟ್ಟೆ, ಮೊಣಕಾಲಿಗೆ ಹಳೆಯ ಚಾಪೆಯ ತುಂಡು, ಮೇಲಂಗಿಯ ಜೇಬಿನಲ್ಲಿ ಮಡಚಿಟ್ಟ ಉಜ್ಜುಕಾಗದ. ಊರಿನ ಎಷ್ಟೋ ಮನೆಗಳ ಬಾಗಿಲು, ಕಪಾಟು, ಮೆಟ್ಟಿಲಿನ ಕಟಕಟೆಗಳ ಮೇಲೆ ಈಕೆಯ ಕೈ ಆಡಿದೆ. ಆದರೆ ಆ ಮನೆಯವರನ್ನು ಕೇಳಿದರೆ ಮುಕ್ಕಾಲು ಪಾಲು ಜನ ಮೇಸ್ತ್ರಿಯ ಹೆಸರು ಹೇಳುತ್ತಾರೆ. ಹೆಂಡತಿಯೂ ಜೊತೆಗೆ ಬಂದಿದ್ದರು, ಪಾಪ, ಸಹಾಯಕ್ಕೆ ಎನ್ನುತ್ತಾರೆ. ಇದನ್ನು ಅಕ್ಕನಿಗೆ ಹೇಳಿದರೆ ಬೇಸರವೂ ಇಲ್ಲ, ಸಿಟ್ಟೂ ಇಲ್ಲ. ಹೇಳಿಕೊಳ್ಳಲಿ ಬಿಡಿ, ಹೆಸರು ಯಾರದಾದರೂ ಮನೆ ಒಂದೇ ತಾನೇ ಎನ್ನುತ್ತಾರೆ. ನನಗಂತೂ ಬೇಸರವಾಗುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮದುವೆಯಾಗಿ ಬಂದ ವರ್ಷವೇ ಗಂಡನ ಜೊತೆ ಕೆಲಸಕ್ಕೆ ಹೊರಟವರು ಅಕ್ಕ. ಬಣ್ಣ ಬಳಿಯುವುದಕ್ಕಲ್ಲ, ಉಜ್ಜುವುದಕ್ಕೆ. ಹಳೆಯ ಬಣ್ಣದ ಮೈಯನ್ನು ಉಜ್ಜುಕಾಗದದಿಂದ ತಿಕ್ಕಿ ತಿಕ್ಕಿ ನುಣುಪು ಮಾಡುವ, ಯಾರ ಕಣ್ಣಿಗೂ ಬೀಳದ ಕೆಲಸ. ಮುಗಿಯಿತು ಎಂದು ಅಕ್ಕ ಎದ್ದು ನಿಂತರೆ ಮೇಸ್ತ್ರಿ ಬಂದು ಬೆರಳಿನ ಹಿಂಭಾಗವನ್ನು ಮರದ ಮೇಲೆ ಹಾಯಿಸುತ್ತಿದ್ದರು. ಮುಖ ಗಂಟಿಕ್ಕುತ್ತಿದ್ದರು. ಆಮೇಲೆ ಎರಡೇ ಮಾತು: "ಮತ್ತೆ ಉಜ್ಜು." ಇಪ್ಪತ್ತು ವರ್ಷ ಆಕೆ ಗಂಡನ ಬಾಯಿಂದ ಅತಿ ಹೆಚ್ಚು ಕೇಳಿದ ಮಾತು ಅದೇ ಇರಬೇಕು. ಮಗಳು ಚಿಕ್ಕವಳಿದ್ದಾಗ ಅಪ್ಪನ ಆಟ ಆಡುವುದೆಂದರೆ ಗೊಂಬೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ಮತ್ತೆ ಉಜ್ಜು, ಮತ್ತೆ ಉಜ್ಜು ಅನ್ನುವುದಾಗಿತ್ತಂತೆ.

"ಆಗ ಕೋಪ ಬರ್ತಿತ್ತು. ಹಲ್ಲು ಕಚ್ಚಿಕೊಂಡು ಉಜ್ಜುತಿದ್ದೆ" ಎನ್ನುತ್ತಾರೆ ಅಕ್ಕ. "ಆದ್ರೆ ಒಂದು ದಿನಾನೂ ಅವರು ಸುಮ್‌ಸುಮ್ನೆ ಹೇಳಿದ್ದಲ್ಲ. ಉಜ್ಜಿದ ಮೇಲೆ ನಂಗೇ ಗೊತ್ತಾಗೋದು."

ಎಣ್ಣೆ ಬಣ್ಣಕ್ಕೆ ಥಿನ್ನರ್ ಬೇಕು. ಮೇಸ್ತ್ರಿ ಮನೆಗೆ ಬರುವ ಮೊದಲೇ ಅವರ ವಾಸನೆ ಓಣಿಯ ತಿರುವಿಗೆ ಬರುತ್ತಿತ್ತು. ಹೆಜ್ಜೆ ಸದ್ದು ಕೇಳುವುದಕ್ಕೆ ಮುಂಚೆಯೇ ಮಗಳು ಅಪ್ಪ ಬಂದರು ಎಂದು ಬಾಗಿಲಿಗೆ ಓಡುತ್ತಿದ್ದಳು. ವರ್ಷಗಟ್ಟಲೆ ಅದನ್ನೇ ಉಸಿರಾಡಿದ ಎದೆ ನಾಲ್ಕು ವರ್ಷದ ಹಿಂದೆ ಮುಷ್ಕರ ಹೂಡಿತು. ಏಣಿಯ ಮೇಲೆ ನಿಂತರೆ ತಲೆ ಸುತ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರು ಪರೀಕ್ಷೆ ಮಾಡಿ, ಥಿನ್ನರ್ ಬಿಡುತ್ತೀರೋ ಉಸಿರು ಬಿಡುತ್ತೀರೋ ನೀವೇ ತೀರ್ಮಾನ ಮಾಡಿ ಎಂದರು. ಮಗಳು ಅಷ್ಟರಲ್ಲಿ ಮದುವೆಯಾಗಿ ಬೇರೆ ಊರು ಸೇರಿದ್ದಳು. ಈಗ ಬಂದಾಗೆಲ್ಲ ಅಪ್ಪ ಮನೆಗೆ ಬಂದದ್ದೇ ತಿಳಿಯುವುದಿಲ್ಲ ಎನ್ನುತ್ತಾಳಂತೆ.

ಹೀಗೆ ಕನ್ನಡಿ ಮೇಸ್ತ್ರಿ ನೀರಿನ ಬಣ್ಣಕ್ಕೆ ಬಂದರು. ಬಂದರು ಎನ್ನುವುದಕ್ಕಿಂತ ಬಿದ್ದರು ಎನ್ನಬೇಕು. ಮೊದಲ ಡಬ್ಬಿ ತೆರೆದಾಗ ಇದು ಬಣ್ಣವೋ, ಹಾಲಿನ ಪಾತ್ರೆ ತೊಳೆದ ನೀರೋ ಎಂದು ಮೂಗು ಮುರಿದಿದ್ದರು. ಒಬ್ಬ ಟೈಲರ್ ಮನೆಯ ಕಪಾಟು ಬಳಿಯುವ ಕೆಲಸ. ಎಣ್ಣೆ ಬಣ್ಣ ನಿಧಾನಕ್ಕೆ ಒಣಗುವಂಥದ್ದು. ಬಳಿದವನು ಹಿಂದೆ ಬಂದು, ತೀಡಿ, ಇನ್ನೊಮ್ಮೆ ತೀಡಿ, ಮನಸ್ಸಿಗೆ ಒಪ್ಪುವವರೆಗೂ ತಿದ್ದಬಹುದು. ಈ ಬಣ್ಣಕ್ಕೆ ಅಷ್ಟು ಪುರುಸೊತ್ತಿಲ್ಲ. ಬಳಿದ ಕ್ಷಣದಿಂದಲೇ ಮೇಲೆ ಕೆನೆ ಕಟ್ಟುತ್ತದೆ, ಬಿಸಿಲು ಗಾಳಿ ತಾಗಿದರಂತೂ ಇನ್ನೂ ಬೇಗ. ಆಮೇಲೆ ತಿದ್ದಲು ಹೋದರೆ ಕೆನೆ ಹರಿದು, ಒದ್ದೆ ತಲೆಯಲ್ಲಿ ಬಾಚಣಿಗೆ ಎಳೆದ ಹಾಗೆ ಗೆರೆ ಬೀಳುತ್ತದೆ. ಮೇಸ್ತ್ರಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಂಗಡಿಯವನು ಹೇಳಿದ್ದ, ಡಬ್ಬಿಯ ಮೇಲೂ ಬರೆದಿತ್ತು. ಕೈಗೆ ಮಾತ್ರ ಗೊತ್ತಾಗಲಿಲ್ಲ. ಎಳೆದ ಮೇಲೆ ಅದು ತಾನಾಗಿ ಹಿಂದಕ್ಕೆ ಹೋಗುತ್ತಿತ್ತು.

ಉಜ್ಜಿ ತೆಗೆದು ಮತ್ತೆ ಬಳಿದರು. ಮತ್ತೆ ಬಾಚಣಿಗೆ ಗೆರೆ. ಮೂರನೇ ಸಲವೂ ಅದೇ ಆದಾಗ ಬ್ರಷ್ಷನ್ನು ಬಕೆಟ್ಟಿಗೆ ಹಾಕಿ, ಉಜ್ಜುಕಾಗದ ತರುತ್ತೇನೆ ಎಂದು ಎದ್ದು ಹೋದರು. ಚೀಲದ ತುಂಬ ಉಜ್ಜುಕಾಗದವಿತ್ತು. ಅಕ್ಕ ಅದನ್ನು ನೋಡಿದರು. ಕಪಾಟಿನ ಬಾಗಿಲನ್ನು ತಾವೇ ಉಜ್ಜಿ, ಒರೆಸಿ, ಬ್ರಷ್ಷನ್ನು ಬಕೆಟ್ಟಿನಿಂದ ಎತ್ತಿಕೊಂಡರು. ಬದುಕಿನಲ್ಲಿ ಮೊದಲ ಸಲ ಬಣ್ಣ ಬಳಿದದ್ದು ಅಂದು.

ಮೇಸ್ತ್ರಿ ತಿರುಗಿ ಬಂದು ಕಪಾಟಿನ ಮುಂದೆ ಬಹಳ ಹೊತ್ತು ನಿಂತರು. "ಯಾರು ಬಳಿದಿದ್ದು?" ಎಂದು ಕೇಳಿದರು. ಮನೆಯಲ್ಲಿ ಆಗ ಅಕ್ಕನನ್ನು ಬಿಟ್ಟರೆ ಇದ್ದದ್ದು ಟೈಲರ್ ಸಾಕಿದ ಬೆಕ್ಕು ಮಾತ್ರ.

ಅಷ್ಟು ಸಲೀಸಾಗಿ ಹೇಗೆ ಬಂತು ಎಂದು ನಾನು ಕೇಳುತ್ತೇನೆ. ಅಕ್ಕ ಬ್ರಷ್ಷಿನ ತುದಿ ಒರೆಸುತ್ತಾ ಹೇಳುತ್ತಾರೆ. "ನಾನು ಬೇರೆ ಬಣ್ಣ ಬಳಿದೇ ಇರ್ಲಿಲ್ವಲ್ಲ. ಅವರ ಕೈ ಎಷ್ಟೊಂದು ಮರೀಬೇಕಿತ್ತು. ನನ್ನ ಕೈಗೆ ಮರೆಯೋಕೆ ಏನಿತ್ತು?"

ಒಂದು ಕೆಲಸದಲ್ಲಿ ನುರಿತವರನ್ನು ನಾವು ಎತ್ತಿದ ಕೈ ಎನ್ನುತ್ತೇವೆ. ಹೀಗೇಕೆ ಎನ್ನುತ್ತೇವೋ ನಾನು ಯಾವತ್ತೂ ಯೋಚಿಸಿದವನಲ್ಲ. ಈ ಬಾಗಿಲಿನ ಮುಂದೆ ನಿಂತಾಗ ಆ ಮಾತು ಇದ್ದ ಹಾಗೇ ಕಣ್ಣಿಗೆ ಕಾಣುತ್ತದೆ. ಇಲ್ಲಿ ಕೆಲಸವೆಂದರೆ ಎಳೆಯುವುದಕ್ಕಿಂತ ಎತ್ತುವುದು. ಸರಿಯಾಗಲಿಲ್ಲವೇನೋ ಎಂಬ ಅನುಮಾನ ಕಾಡುತ್ತಿದ್ದರೂ ಕೈ ಎತ್ತಿಕೊಂಡು ಮುಂದಿನ ಹಲಗೆಗೆ ಹೋಗಬೇಕು. ನನ್ನಂಥ ಬರೆದದ್ದನ್ನೇ ತಿದ್ದುವ ಜನಕ್ಕೆ ಇದು ಈ ಜನ್ಮದಲ್ಲಿ ಸಾಧ್ಯವಾಗುವ ಮಾತಲ್ಲ.

ಅಂದಿನಿಂದ ಬ್ರಷ್ ಅಕ್ಕನ ಕೈಯಲ್ಲಿ, ಉಜ್ಜುಕಾಗದ ಮೇಸ್ತ್ರಿಯ ಕೈಯಲ್ಲಿ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮರುದಿನ ಮೇಸ್ತ್ರಿ ತಾವೇ ಟಾರ್ಚ್ ತೆಗೆದುಕೊಂಡು ಹೆಂಡತಿಯ ಪಕ್ಕದಲ್ಲಿ ಕೂತರು, ಅಷ್ಟೆ. ಹೊರಗಿನವರಿಗೆ ಇದು ಒಳ್ಳೆಯ ಹೊಂದಾಣಿಕೆಯಾಗಿ ಕಾಣುತ್ತದೆ. ಒಳಗೆ ಅಷ್ಟು ಸುಲಭವಾಗಿರಲಿಲ್ಲ.

"ಎಲ್ರೂ ನೀನು ಗೆದ್ದೆ ಅಂದ್ರು" ಎನ್ನುತ್ತಾರೆ ಅಕ್ಕ, ದನಿ ತಗ್ಗಿಸಿ. "ನಂಗೆ ಗೆದ್ದ ಹಾಗೆ ಅನ್ನಿಸ್ಲೇ ಇಲ್ಲ. ಅವರ ತಟ್ಟೆಗೆ ಕೈ ಹಾಕಿ ಉಂಡ ಹಾಗೆ ಅನ್ನಿಸ್ತು."

ಬಾಗಿಲು ಮುಗಿದು, ಕೆಲಸ ಅಡುಗೆಮನೆಯ ಕಿಟಕಿಗೆ ಸರಿದಿದೆ. ಮೇಸ್ತ್ರಿ ಕಾಗದವನ್ನು ನೀರಿನಲ್ಲಿ ಅದ್ದಿ, ಧೂಳು ಏಳದ ಹಾಗೆ ಚೌಕಟ್ಟನ್ನು ಉಜ್ಜುತ್ತಾರೆ. ಹಳೆಯ ಬಣ್ಣದ ಹೊಳಪು ಪೂರ್ತಿ ಸತ್ತು ಮಂಕಾಗಬೇಕು, ಇಲ್ಲದಿದ್ದರೆ ಹೊಸ ಬಣ್ಣ ಅದರ ಮೇಲೆ ಹಿಡಿದು ನಿಲ್ಲುವುದಿಲ್ಲ. ಉಜ್ಜಿ ಮುಗಿಸಿ ಮೇಸ್ತ್ರಿ ಹೆಂಡತಿಯ ಮುಖ ನೋಡುತ್ತಾರೆ. ಅಕ್ಕ ಬೆರಳಿನ ಹಿಂಭಾಗವನ್ನು ಮರದ ಮೇಲೆ ಹಾಯಿಸುತ್ತಾರೆ. ಕೆಳಗಿನ ಮೂಲೆಗೆ ಬಂದಾಗ ಬೆರಳು ಒಂದು ಕ್ಷಣ ನಿಲ್ಲುತ್ತದೆ.

"ಸಾಕು ಬಿಡಿ, ಚೆನ್ನಾಗಿದೆ" ಎನ್ನುತ್ತಾರೆ.

ಮೇಸ್ತ್ರಿ ಬಕೆಟ್ಟಿನ ನೀರು ಬದಲಿಸಲು ಹೊರಗೆ ಹೋಗುತ್ತಾರೆ. ಅಕ್ಕ ಜೇಬಿನಿಂದ ಉಜ್ಜುಕಾಗದ ತೆಗೆದು ಆ ಮೂಲೆಯನ್ನು ಸದ್ದಾಗದ ಹಾಗೆ ಉಜ್ಜಿ, ಒರೆಸಿ, ಕಾಗದವನ್ನು ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಾರೆ. ನಾನು ನೋಡಿದ್ದನ್ನು ಅವರೂ ನೋಡುತ್ತಾರೆ. ಕಾಯಿಲೆ ಬಿದ್ದು ಎದ್ದವರು, ಮನಸ್ಸು ನೋಯಿಸೋದು ಬೇಡ ಅಂತ ಎನ್ನುತ್ತಾರೆ.

ಹೊರಗೆ ನಲ್ಲಿಯ ಹತ್ತಿರ ಮೇಸ್ತ್ರಿ ಬಕೆಟ್ ತೊಳೆಯುತ್ತಿದ್ದಾರೆ. ಮಾತು ಕಡಿಮೆಯ ಮನುಷ್ಯ. ನಾನು ಪಕ್ಕದಲ್ಲಿ ನಿಂತು ಏನೇನೋ ಕೇಳುತ್ತೇನೆ, ಹೂಂ, ಉಹೂಂ ಎಂಬಷ್ಟರಲ್ಲೇ ಮುಗಿಸುತ್ತಾರೆ. ಒಳಗೆ ಹೊರಟವನನ್ನು ಅವರೇ ತಡೆದು ಕೇಳುತ್ತಾರೆ.

"ಮೂಲೆ ಉಜ್ಜಿಕೊಂಡ್ಲಾ?"

ಸುಳ್ಳು ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರು ತಲೆಯಾಡಿಸುತ್ತಾರೆ.

"ಚೆನ್ನಾಗಿದೆ ಅಂತಾಳೆ. ರೋಗಿಗಳಿಗೆ ಹೇಳೋ ಮಾತು ಅದು. ಕೆಲಸದವರಿಗೆ ಹೇಳೋ ಮಾತಲ್ಲ."

ಈ ಇಬ್ಬರ ಮನೆ ನಾಲ್ಕು ಓಣಿಗಳಾಚೆ. ಎರಡು ಕೋಣೆ, ನಡುವೆ ಒಂದು ಬಾಗಿಲು. ಊರಿಗೆಲ್ಲ ಬಣ್ಣ ಬಳಿದವರ ಮನೆಯ ಆ ಬಾಗಿಲಿಗೆ ಮಾತ್ರ ಬಣ್ಣವಿಲ್ಲ. ಒಳ್ಳೆಯ ದಿನ ನೋಡಿ, ಒಳ್ಳೆಯ ಡಬ್ಬಿ ಸಿಕ್ಕಾಗ, ಕನ್ನಡಿಯಂತೆ ಬಳಿದುಕೊಡುತ್ತೇನೆ ಎಂದು ಮೇಸ್ತ್ರಿ ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದರು. ದಿನವೂ ಡಬ್ಬಿಯೂ ಕೂಡಿ ಬರಲೇ ಇಲ್ಲ. ಹೋದ ವರ್ಷ ಅಕ್ಕ ಅದನ್ನು ಉಜ್ಜಿ, ಅಡಿಬಣ್ಣವಾಗಿ ಬಿಳಿ ಪ್ರೈಮರ್ ಬಳಿದು, ಅಲ್ಲಿಗೇ ಕೈ ಎತ್ತಿದರು. ಸ್ಯಾಟಿನ್ ತುಂಬಿದ ಡಬ್ಬಿಯನ್ನೂ ಒಂದು ಒಳ್ಳೆಯ ಬ್ರಷ್ಷನ್ನೂ ಬಾಗಿಲಿನ ಪಕ್ಕದ ಗೂಡಿನಲ್ಲಿಟ್ಟರು. ನೆಂಟರು ಬಂದವರು ಇದೇನಿದು ಅರ್ಧಕ್ಕೆ ನಿಂತಿದೆ ಎಂದು ಕೇಳಿದರೆ ಮೇಸ್ತ್ರಿಗೆ ಪುರುಸೊತ್ತಾಗಲಿ ಅಂತ ಕಾಯ್ತಿದೆ ಎನ್ನುತ್ತಾರೆ. ಮೇಸ್ತ್ರಿ ಆ ಬಾಗಿಲನ್ನು ಮೊಣಕೈಯಿಂದ ತಳ್ಳಿ, ಅದರ ಮುಖ ನೋಡದೆ ಓಡಾಡುತ್ತಾರೆ.

"ಅದನ್ನ ಅವರೇ ಬಳೀಬೇಕು. ನಾನು ಮುಟ್ಟಲ್ಲ. ಬಳೀದೇ ಇದ್ರೆ ಹಾಗೇ ಇರ್ಲಿ, ನಾವಿಬ್ರೂ ಇರೋವರೆಗೆ ಹಾಗೇ ಇರ್ಲಿ" ಎನ್ನುತ್ತಾರೆ ಅಕ್ಕ. ನಗುತ್ತಾ ಹೇಳಲು ಹೊರಟ ಮಾತು ಕೊನೆಯಲ್ಲಿ ನಗುವಾಗಿ ಉಳಿಯುವುದಿಲ್ಲ.

ಒಂದು ದಿನ ಗೂಡಿನಲ್ಲಿ ಬ್ರಷ್ ಕಾಣಲಿಲ್ಲವಂತೆ. ಹುಡುಕುತ್ತಾ ಹಿತ್ತಲಿಗೆ ಹೋದರೆ ಮುರಿದ ಮಂಚದ ಹಿಂದೆ ಒಂದು ಹಳೆಯ ಡಬ್ಬಿ, ಡಬ್ಬಿಯ ತುಂಬ ಸೀಮೆಎಣ್ಣೆ, ಸೀಮೆಎಣ್ಣೆಯಲ್ಲಿ ಆ ಹೊಸ ಬ್ರಷ್. ಎಣ್ಣೆ ಬಣ್ಣದ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿಡುವುದು ವಾಡಿಕೆ. ನೀರಿನ ಬಣ್ಣದ ಬ್ರಷ್ಷಿಗೆ ನೀರೇ ಸಾಕು, ಸೀಮೆಎಣ್ಣೆ ತಾಗಿದರೆ ಬಣ್ಣ ಒಡೆದ ಹಾಲಿನಂತೆ ಗಂಟುಗಂಟಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ಅದು ಹಾಗೇ ಆಗಿತ್ತು. ಒಳ್ಳೆಯ ಬ್ರಷ್ ಹಾಳಾಯಿತಲ್ಲ ಎಂದು ಅಕ್ಕನಿಗೆ ಮೈಯೆಲ್ಲ ಉರಿಯಿತು. ಕೂಗಬೇಕೆಂದು ಬಾಯಿ ತೆರೆದರು.

"ಆಮೇಲೆ ಹೊಳೀತು. ಬ್ರಷ್ ತೊಳೆಯೋಕೆ ಅಂತ ಇಟ್ಟಿದ್ದಾರೆ ಅಂದ್ರೆ ಎಲ್ಲೋ ಬಳಿದಿದ್ದಾರೆ ಅಂತ ತಾನೇ?"

ಮಂಚದ ಹಲಗೆಯನ್ನು ತಿರುಗಿಸಿ ನೋಡಿದರು. ಹಿಂಬದಿಯಲ್ಲಿ ಬಣ್ಣ ಬಳಿದು, ಉಜ್ಜಿ, ಮತ್ತೆ ಬಳಿದ ಗುರುತುಗಳು. ಎಲ್ಲ ಕಡೆ ಬಾಚಣಿಗೆ ಗೆರೆ. ಒಂದು ತುದಿಯಲ್ಲಿ ಮಾತ್ರ ಅಂಗೈಯಷ್ಟು ಜಾಗ ಸಮನಾಗಿತ್ತು. ಅಕ್ಕ ಹಲಗೆಯನ್ನು ಇದ್ದ ಹಾಗೇ ಇಟ್ಟು ಅಂಗಡಿಗೆ ಹೋಗಿ ಅಂಥದ್ದೇ ಇನ್ನೊಂದು ಬ್ರಷ್ ತಂದು ಗೂಡಿನಲ್ಲಿಟ್ಟರು. ಇಬ್ಬರೂ ಈ ವಿಷಯ ಎತ್ತಲಿಲ್ಲ. ಇದನ್ನು ಬರೆಯಬಹುದೇ ಎಂದು ನಾನು ಕೇಳಿದಾಗ ಅಕ್ಕ ಬರೀಬೇಡಿ ಎಂದಿದ್ದರು. ಮುಂದೆ ನಡೆದದ್ದನ್ನು ನೋಡಿದ ಮೇಲೆ ಬರೆಯಲು ಒಪ್ಪಿದ್ದಾರೆ.

ಭಾನುವಾರ ಬೆಳಿಗ್ಗೆ ಅಕ್ಕ ಫೋನು ಮಾಡಿ ಈಗಲೇ ಮನೆಗೆ ಬನ್ನಿ ಎನ್ನುತ್ತಾರೆ. ಹೋದರೆ ಫ್ಯಾನ್ ಆರಿದೆ, ಕಿಟಕಿ ಮುಚ್ಚಿದೆ, ಮೇಸ್ತ್ರಿ ಬಾಗಿಲಿನ ಮುಂದೆ ನಿಂತಿದ್ದಾರೆ. ಕೈಯಲ್ಲಿ ಒದ್ದೆ ಬ್ರಷ್. ಬಳಿಯೋಣ ಅಂತ ಬೆಳಿಗ್ಗೆ ಎದ್ದು ಅವರೇ ಹೇಳಿದ್ದಂತೆ. ಅಕ್ಕ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಿದ್ದಾರೆ.

ಮೇಸ್ತ್ರಿ ಮೇಲಿನ ಹಲಗೆಯಿಂದ ಶುರು ಮಾಡುತ್ತಾರೆ. ಹರಡುತ್ತಾರೆ, ಎಳೆಯುತ್ತಾರೆ, ಎತ್ತುತ್ತಾರೆ. ಎತ್ತಿದ ಕೈಯನ್ನು ತುಸು ಹೊತ್ತು ಗಾಳಿಯಲ್ಲೇ ಹಿಡಿದು ನಿಲ್ಲಿಸುತ್ತಾರೆ, ಹಗ್ಗ ಜಗ್ಗುವ ಕರುವನ್ನು ತಡೆದು ನಿಲ್ಲಿಸಿದ ಹಾಗೆ. ಎರಡನೇ ಹಲಗೆ, ಮೂರನೆಯದು, ಅಡ್ಡಪಟ್ಟಿಗಳು. ಕೊನೆಯ ಉದ್ದಪಟ್ಟಿಯಲ್ಲಿ, ಹಿಡಿಕೆ ಕೂರುವ ಜಾಗದ ಹತ್ತಿರ, ಬ್ರಷ್ಷಿನ ಒಂದು ಕೂದಲು ಉದುರಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಮೇಸ್ತ್ರಿ ಅದನ್ನು ಉಗುರಿನಿಂದ ಎತ್ತಿ ತೆಗೆಯುತ್ತಾರೆ. ಅಲ್ಲಿಗೆ ಬಿಡಬೇಕಿತ್ತು. ಕೈ ಹಿಂದಕ್ಕೆ ಹೋಗುತ್ತದೆ, ಒಂದೇ ಒಂದು ಸಲ ತೀಡುತ್ತದೆ.

ಮೂವರೂ ನೋಡುತ್ತೇವೆ. ಮೇಸ್ತ್ರಿ ಪಟ್ಟಿ ಮುಗಿಸಿ, ಬ್ರಷ್ಷನ್ನು ನಲ್ಲಿಗೆ ಒಯ್ದು ನೀರಿನಲ್ಲಿ ತೊಳೆದು ತರುತ್ತಾರೆ.

ಬಣ್ಣ ಒಣಗುವವರೆಗೆ ಚಹಾ ಆಗುತ್ತದೆ, ಊಟ ಆಗುತ್ತದೆ, ಮಗಳ ಸುದ್ದಿ, ಅಳಿಯನ ಸುದ್ದಿ ಎಲ್ಲ ಆಗುತ್ತದೆ. ಬಾಗಿಲಿನ ಸುದ್ದಿ ಮಾತ್ರ ಇಲ್ಲ. ಮಧ್ಯಾಹ್ನ ಕಳೆದ ಮೇಲೆ ಅಕ್ಕ ಎದ್ದು ಹೋಗಿ ಬೆರಳಿನ ಹಿಂಭಾಗವನ್ನು ಮೇಲಿಂದ ಕೆಳಗೆ ಹಾಯಿಸುತ್ತಾರೆ. ಹಿಡಿಕೆಯ ಜಾಗಕ್ಕೆ ಬಂದು ಬೆರಳು ನಿಲ್ಲುತ್ತದೆ. ಅಲ್ಲೇನೂ ಅಷ್ಟೊಂದು ಕಾಣಿಸುವುದಿಲ್ಲ, ಹಿಡಿಕೆ ಕೂತರೆ ಅದೂ ಮುಚ್ಚಿಹೋಗುತ್ತದೆ ಎಂದು ನಾನು ನಡುವೆ ಬಾಯಿ ಹಾಕುತ್ತೇನೆ. ಇಬ್ಬರೂ ನನ್ನ ಕಡೆ ತಿರುಗುವುದಿಲ್ಲ. ಮೇಸ್ತ್ರಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದಾರೆ. ಅವರಿಗೆ ಬರಬಹುದಾದ ಉತ್ತರ ಯಾವುದು ಎಂದು ನನಗೂ ಗೊತ್ತು, ನಾಲ್ಕು ವರ್ಷದಿಂದ ಬರುತ್ತಿರುವುದು ಅದೇ 'ಚೆನ್ನಾಗಿದೆ'. ಅಕ್ಕ ಜೇಬಿಗೆ ಕೈ ಹಾಕುತ್ತಾರೆ. ಉಜ್ಜುಕಾಗದ ತೆಗೆದು ಗಂಡನ ಕಡೆ ಚಾಚುತ್ತಾರೆ.

"ಮತ್ತೆ ಉಜ್ಜಿ."

ಅದೇ ಮಾತು, ಬಹುವಚನ ಸೇರಿದೆ ಅಷ್ಟೆ. ಮೇಸ್ತ್ರಿ ಕಾಗದ ತೆಗೆದುಕೊಳ್ಳುತ್ತಾರೆ. ಅವರ ಮುಖದಲ್ಲಿ ನೋವು ಕಾಣುತ್ತದೆ ಎಂದುಕೊಂಡು ನೋಡುತ್ತೇನೆ. ಅಲ್ಲಿರುವುದು ಬೇರೆ ಏನೋ. ಕಾಗದವನ್ನು ನೀರಿನಲ್ಲಿ ಅದ್ದಿ, ಮೊಣಕಾಲೂರಿ ಕೂತು, ಹಿಡಿಕೆಯ ಜಾಗವನ್ನು ಉಜ್ಜಲು ಶುರು ಮಾಡುತ್ತಾರೆ. ಅಕ್ಕ ಹಿಂದಿನಿಂದ ನೇರವಾಗಿ ಟಾರ್ಚ್ ಬಿಡುತ್ತಾರೆ. ಉಜ್ಜುವ ಸದ್ದು ಒಂದು ಕ್ಷಣ ನಿಲ್ಲುತ್ತದೆ.

"ಹೀಗಾ ಹಿಡಿಯೋದು? ಓರೆ ಹಿಡಿ. ಇಷ್ಟು ವರ್ಷ ನನ್ನ ಜೊತೆ ಏನು ಕಲಿತೆ ನೀನು?"

ಮೇಸ್ತ್ರಿಯ ಹಳೆಯ ದನಿ ಹೇಗಿತ್ತೆಂದು ನಾನು ಕೇಳಿದವನಲ್ಲ. ಅಕ್ಕ ಕೇಳಿದವರು. ಟಾರ್ಚನ್ನು ತಟಕ್ಕನೆ ಓರೆಗೆ ತಿರುಗಿಸುತ್ತಾರೆ. ಇನ್ನೊಂದು ಕೈಯಲ್ಲಿ ತಲೆಗೆ ಕಟ್ಟಿದ ಬಟ್ಟೆಯ ತುದಿ ಎಳೆದು ಕಣ್ಣು ಒರೆಸಿಕೊಂಡು, ನನ್ನ ಕಡೆ ತಿರುಗುತ್ತಾರೆ.

"ಇದನ್ನ ಬರ್ಕೊಳ್ಳಿ ತಮ್ಮಾ. ಮೇಸ್ತ್ರಿ ಬೈದ್ರು ಅಂತ."